ಶುಂಠಿಯ ಜಿಂಜರಾಲ್, ಶೋಗಾಲ್‌ಗಳು ದೇಹದೊಳಗೆ ಏನಾಗುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶುಂಠಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ಸುದ್ದಿಗಳಲ್ಲಿ ಬಹುಪಾಲು ಒಂದು ಘಟ್ಟ ಬಿಟ್ಟುಹೋಗಿರುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳ ಮೇಲೆ ಸುರಿದ ವಸ್ತು ಒಂದು, ನುಂಗಿದ ಶುಂಠಿಯಿಂದ ರಕ್ತ ಸೇರುವ ವಸ್ತು ಇನ್ನೊಂದು. ನಡುವೆ ಜಠರ, ಕರುಳಿನ ಗೋಡೆ, ಯಕೃತ್ತು ಮತ್ತು ಕರುಳಿನ ಬ್ಯಾಕ್ಟೀರಿಯಾಗಳಿವೆ. ಕೆಳಗಿನ ಉತ್ತರಗಳೆಲ್ಲ ಆ ನಡುವಿನ ದಾರಿಗೆ ಸಂಬಂಧಿಸಿದವು.

ಕ್ಯಾನ್ಸರ್ ವಿಷಯದಲ್ಲಿ ಶುಂಠಿಯ ಯಾವ ಅಂಶಗಳ ಮಾತು ಬರುತ್ತದೆ?

ಮುಖ್ಯವಾಗಿ ಎರಡು ಕುಟುಂಬಗಳದ್ದು. ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್‌ಗಳು: 6-ಜಿಂಜರಾಲ್, 8-ಜಿಂಜರಾಲ್, 10-ಜಿಂಜರಾಲ್. ಇವುಗಳಲ್ಲಿ 6-ಜಿಂಜರಾಲ್ ಎಲ್ಲಕ್ಕಿಂತ ಹೆಚ್ಚು. ಒಣಗಿಸಿದಾಗ, ಬಿಸಿ ಮಾಡಿದಾಗ ಅವುಗಳಿಂದ ನೀರಿನ ಒಂದು ಅಣು ಕಳಚಿ ಶೋಗಾಲ್‌ಗಳು ಹುಟ್ಟುತ್ತವೆ. ಇವಲ್ಲದೆ ಜಿಂಜರೋನ್, ಪ್ಯಾರಡಾಲ್‌ಗಳೂ ಸಣ್ಣ ಪ್ರಮಾಣದಲ್ಲಿರುತ್ತವೆ. ಹೆಸರಿನ ಹಿಂದಿನ ಅಂಕಿ ಅಣುವಿನ ಬಾಲದ ಉದ್ದವನ್ನು ಸೂಚಿಸುತ್ತದೆ. 6-ಜಿಂಜರಾಲ್ ಬಿಸಿಗೆ ಒಡೆದರೆ ಜಿಂಜರೋನ್ ಜೊತೆಗೆ ಆರು ಇಂಗಾಲದ ಹೆಕ್ಸನಾಲ್ ಸಿಗುತ್ತದೆ, 8-ಜಿಂಜರಾಲ್ ಒಡೆದರೆ ಎಂಟು ಇಂಗಾಲದ ಆಕ್ಟನಾಲ್.

ದೇಹದ ಕಿಣ್ವಗಳು ಈ ಅಣುಗಳನ್ನು ಎಲ್ಲಿ ಹಿಡಿಯುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ. ಉಂಗುರದ ಮೇಲಿರುವ ಫೀನಾಲ್ ಗುಂಪು ಒಂದು ಜಾಗ: ಸಕ್ಕರೆ ಆಮ್ಲ ಅಥವಾ ಸಲ್ಫೇಟ್ ಅಂಟುವುದು ಅಲ್ಲಿ. ಬಾಲದ ಸರಪಳಿಯ ಕೀಟೋನ್ ಎರಡನೆಯದು: ಅದು ಆಲ್ಕೊಹಾಲ್ ಆಗಿ ಅಪಕರ್ಷಣೆಗೊಳ್ಳುತ್ತದೆ, ಅಂದರೆ ಅದಕ್ಕೆ ಹೈಡ್ರೋಜನ್ ಸೇರುತ್ತದೆ. ಮೂರನೆಯದು ಶೋಗಾಲ್‌ಗೆ ಮಾತ್ರ ಇರುವ, ಕೀಟೋನ್ ಪಕ್ಕದ ದ್ವಿಬಂಧ. ಗ್ಲುಟಥಯಾನ್‌ನಂಥ ಗಂಧಕವುಳ್ಳ ಅಣುಗಳು ಅದಕ್ಕೆ ಬಂದು ಕೂಡುತ್ತವೆ. ಜಿಂಜರಾಲ್‌ನಲ್ಲಿ ಆ ದ್ವಿಬಂಧ ಇಲ್ಲ. ಎರಡೂ ಕುಟುಂಬಗಳು ದೇಹದಲ್ಲಿ ಬೇರೆ ಬೇರೆ ದಾರಿ ಹಿಡಿಯಲು ಇದೇ ಮುಖ್ಯ ಕಾರಣ.

ಹಸಿ ಶುಂಠಿ ಮೇಲೋ, ಒಣ ಶುಂಠಿ ಮೇಲೋ?

ಯಾವ ಅಣು ಬೇಕು ಎನ್ನುವುದರ ಮೇಲೆ ಹೋಗುತ್ತದೆ. ಹಸಿಯಲ್ಲಿ ಜಿಂಜರಾಲ್ ಹೆಚ್ಚು, ಶೋಗಾಲ್ ಅತ್ಯಲ್ಪ. ಹೆಚ್ಚು ಉಷ್ಣತೆಯಲ್ಲಿ ಒಣಗಿಸಿದಷ್ಟೂ, ಆಮ್ಲೀಯ ದ್ರವದಲ್ಲಿ ಕುದಿಸಿದಷ್ಟೂ ಶೋಗಾಲ್ ಏರುತ್ತದೆ. ಜಿಂಜರಾಲ್ ಅತ್ಯಂತ ಸ್ಥಿರವಾಗಿರುವುದು ಪಿಎಚ್ 4ರ ಆಸುಪಾಸಿನಲ್ಲಿ. ಕೋಶಗಳ ಮೇಲಿನ ಪ್ರಯೋಗಗಳಲ್ಲಿ ಶೋಗಾಲ್ ಹೆಚ್ಚು ತೀಕ್ಷ್ಣ ಎಂದು ಕಂಡುಬಂದಿರುವುದರಿಂದ ಒಣ ಶುಂಠಿಯೇ ಉತ್ತಮ ಎಂಬ ತೀರ್ಮಾನಕ್ಕೆ ಹಲವರು ಬಂದುಬಿಡುತ್ತಾರೆ. ಆದರೆ ತೀಕ್ಷ್ಣ ಅಣುವನ್ನು ದೇಹ ಅಷ್ಟೇ ಬೇಗ ಬದಲಿಸಿಬಿಡುತ್ತದೆ, ಹಾಗಾಗಿ ಆ ತೀರ್ಮಾನ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಜಠರದ ಆಮ್ಲದಲ್ಲಿ ಜಿಂಜರಾಲ್ ಎಲ್ಲ ಶೋಗಾಲ್ ಆಗುತ್ತದೆಯೇ?

ಇಲ್ಲ. ಆ ಕ್ರಿಯೆ ಎರಡೂ ದಿಕ್ಕಿಗೆ ನಡೆಯುವಂಥದ್ದು, ದೇಹದ ಉಷ್ಣತೆಯಲ್ಲಿ ನಿಧಾನ. ಆಹಾರ ಜಠರದಲ್ಲಿ ನಿಲ್ಲುವ ಹೊತ್ತಿಗೆ ಸ್ವಲ್ಪ ಪಾಲು ಬದಲಾಗಬಹುದು, ಅಷ್ಟೆ.

ನುಂಗಿದ ಮೇಲೆ ಮೊದಲ ದೊಡ್ಡ ಬದಲಾವಣೆ ಎಲ್ಲಿ?

ಸಣ್ಣ ಕರುಳಿನ ಗೋಡೆಯಲ್ಲೇ. ಜಿಂಜರಾಲ್, ಶೋಗಾಲ್‌ಗಳು ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು. ಆದ್ದರಿಂದ ಕರುಳಿನ ಕೋಶಗಳೊಳಗೆ ನುಗ್ಗಲು ಅವಕ್ಕೆ ಕಷ್ಟವಿಲ್ಲ. ತೊಡಕು ಶುರುವಾಗುವುದು ಆಮೇಲೆ. ಅಲ್ಲಿಯೂ ಯಕೃತ್ತಿನಲ್ಲಿಯೂ ಯುಜಿಟಿ ಎಂಬ ಕಿಣ್ವಗಳು ಅವುಗಳ ಫೀನಾಲ್ ಗುಂಪಿಗೆ ಗ್ಲುಕುರೊನಿಕ್ ಆಮ್ಲವನ್ನು, ಅಂದರೆ ಮೇಲೆ ಹೇಳಿದ ಸಕ್ಕರೆ ಆಮ್ಲವನ್ನು, ಅಂಟಿಸುತ್ತವೆ. ಸಲ್ಫೊಟ್ರಾನ್ಸ್‌ಫರೇಸ್‌ಗಳು ಸಲ್ಫೇಟ್ ಅಂಟಿಸುತ್ತವೆ. ಹೀಗೆ ಇನ್ನೊಂದು ಅಣು ಅಂಟಿಕೊಂಡ ರೂಪಕ್ಕೆ ಕಾಂಜುಗೇಟ್ ಎನ್ನುತ್ತಾರೆ. 6-ಜಿಂಜರಾಲ್‌ಗೆ ಗ್ಲುಕುರೊನಿಕ್ ಆಮ್ಲ ಅಂಟಿಸುವ ಕೆಲಸದಲ್ಲಿ ಮಾನವ ಯಕೃತ್ತಿನ ಯುಜಿಟಿ2ಬಿ7 ಕಿಣ್ವದ್ದೇ ಮುಖ್ಯ ಪಾತ್ರ.

ಕಾಂಜುಗೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಪಿತ್ತರಸಕ್ಕೂ ಮೂತ್ರಕ್ಕೂ ಸಲೀಸಾಗಿ ಹೋಗುತ್ತದೆ, ಕೋಶಪೊರೆ ದಾಟಿ ಒಳಗೆ ಹೋಗಲು ಮಾತ್ರ ತಿಣುಕುತ್ತದೆ. ದೇಹದ ಉದ್ದೇಶವೇ ಅದು: ಹೊರಗಿನಿಂದ ಬಂದದ್ದನ್ನು ಕಟ್ಟಿ ಸಾಗಹಾಕುವುದು.

ಮನುಷ್ಯರ ರಕ್ತದಲ್ಲಿ ಎಷ್ಟು ಸಿಗುತ್ತದೆ? ಅಂಕಿಗಳಿವೆಯೇ?

ಇವೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 27 ಆರೋಗ್ಯವಂತರಿಗೆ 100 ಮಿಲಿಗ್ರಾಂನಿಂದ 2 ಗ್ರಾಂವರೆಗೆ ಶುಂಠಿಯ ಸಾರವನ್ನು ಒಂದೇ ಬಾರಿಗೆ ಕೊಟ್ಟು ರಕ್ತ ಪರೀಕ್ಷಿಸಲಾಯಿತು. 250 ಮಿಲಿಗ್ರಾಂನ ಒಂದು ಕ್ಯಾಪ್ಸೂಲಿನಲ್ಲಿ 6-ಜಿಂಜರಾಲ್ ಇದ್ದದ್ದು ಸುಮಾರು 5.4 ಮಿಲಿಗ್ರಾಂ, 6-ಶೋಗಾಲ್ 0.9 ಮಿಲಿಗ್ರಾಂ. ಎಂಟು ಕ್ಯಾಪ್ಸೂಲು, ಅಂದರೆ 2 ಗ್ರಾಂ, ನುಂಗಿದವರಿಗೆ ಒಟ್ಟು 43 ಮಿಲಿಗ್ರಾಂನಷ್ಟು 6-ಜಿಂಜರಾಲ್ ಹೋಯಿತು. ರಕ್ತದಲ್ಲಿ ಸಿಕ್ಕಿದ್ದು ಕಾಂಜುಗೇಟ್‌ಗಳೇ. ಆ ವಿಧಾನದಿಂದ ಏನೂ ಅಂಟಿರದ ಸ್ವತಂತ್ರ ರೂಪ ಯಾವುದೂ ಪತ್ತೆಯಾಗಲಿಲ್ಲ. ಕಾಂಜುಗೇಟ್‌ಗಳನ್ನು ಒಡೆದು ಲೆಕ್ಕ ಹಾಕಿದಾಗ ಗರಿಷ್ಠ ಮಟ್ಟ ಪ್ರತಿ ಮಿಲಿಲೀಟರ್‌ಗೆ ಸರಾಸರಿ ಹೀಗಿತ್ತು: 6-ಜಿಂಜರಾಲ್ 0.85 ಮೈಕ್ರೋಗ್ರಾಂ, 10-ಜಿಂಜರಾಲ್ 0.53, 8-ಜಿಂಜರಾಲ್ 0.23, 6-ಶೋಗಾಲ್ 0.15. ಈ ಗರಿಷ್ಠ ಬಂದದ್ದು 45ರಿಂದ 120 ನಿಮಿಷದೊಳಗೆ, ಅರ್ಧಾಯುಷ್ಯ, ಅಂದರೆ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, 75ರಿಂದ 120 ನಿಮಿಷ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವೂ ದೊಡ್ಡದು: 0.85ರ ಸರಾಸರಿಗೆ ಮಾನಕ ವಿಚಲನೆ, ಅಂದರೆ ಸರಾಸರಿಯ ಸುತ್ತ ಅಂಕಿಗಳು ಚದುರಿರುವುದರ ಅಳತೆ, 0.43.

2011ರಲ್ಲಿ ಇನ್ನೂ ಸೂಕ್ಷ್ಮ ವಿಧಾನ ಬಳಸಿದಾಗ, 2 ಗ್ರಾಂ ತೆಗೆದುಕೊಂಡವರ ರಕ್ತದಲ್ಲಿ ಸ್ವತಂತ್ರ 10-ಜಿಂಜರಾಲ್ ಮತ್ತು 6-ಶೋಗಾಲ್ ಕಾಣಿಸಿದವು. ಒಂದು ಗಂಟೆಯ ಹೊತ್ತಿಗೆ ಅವುಗಳ ಗರಿಷ್ಠ ಮಟ್ಟ ಪ್ರತಿ ಮಿಲಿಲೀಟರ್‌ಗೆ 9.5 ಮತ್ತು 13.6 ನ್ಯಾನೋಗ್ರಾಂ. ಅತಿ ಹೆಚ್ಚು ಪ್ರಮಾಣದಲ್ಲಿ ನುಂಗಿದ 6-ಜಿಂಜರಾಲ್‌ನ ಸ್ವತಂತ್ರ ರೂಪ ಮಾತ್ರ ಆಗಲೂ ಸಿಗಲಿಲ್ಲ.

ಈ ಅಂಕಿಗಳನ್ನು ಕೋಶ ಪ್ರಯೋಗದ ಅಂಕಿಗಳ ಜೊತೆ ಹೇಗೆ ಹೋಲಿಸುವುದು?

ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಕೋಶ ಪ್ರಯೋಗಗಳು ಮೈಕ್ರೋಮೋಲಾರ್‌ನಲ್ಲಿ (ಲೀಟರಿನಲ್ಲಿರುವ ಅಣುಗಳ ಸಂಖ್ಯೆಯ ಮಾನ) ಬರೆಯುತ್ತವೆ, ರಕ್ತ ಪರೀಕ್ಷೆಗಳು ಹೆಚ್ಚಾಗಿ ನ್ಯಾನೋಗ್ರಾಂನಲ್ಲಿ (ತೂಕದ ಮಾನ). ಬರಿಗಣ್ಣಿಗೆ ಎರಡೂ ಚಿಕ್ಕ ಅಂಕಿಗಳಂತೆ ಕಾಣುವುದರಿಂದ ಓದುಗ ಮೋಸಹೋಗುತ್ತಾನೆ.

ಲೆಕ್ಕ ಸರಳ. ಪ್ರತಿ ಮಿಲಿಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಎಂಬ ಅಂಕಿಯನ್ನು ಅಣುಭಾರದಿಂದ ಭಾಗಿಸಿದರೆ ಮೈಕ್ರೋಮೋಲಾರ್ ಸಿಗುತ್ತದೆ. 6-ಶೋಗಾಲ್‌ನ ಅಣುಭಾರ 276.4. 13.6 ಅನ್ನು ಅದರಿಂದ ಭಾಗಿಸಿದರೆ 0.049 ಮೈಕ್ರೋಮೋಲಾರ್. 6-ಜಿಂಜರಾಲ್‌ನ ಅಣುಭಾರ 294.4. ಅದರ 850 ನ್ಯಾನೋಗ್ರಾಂ, ಕಾಂಜುಗೇಟ್ ಎಲ್ಲ ಸೇರಿ, 2.9 ಮೈಕ್ರೋಮೋಲಾರ್.

ಈಗ ಇನ್ನೊಂದು ಪಕ್ಕ ನೋಡಿ. ಎಚ್-1299 ಎಂಬ ಶ್ವಾಸಕೋಶ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು 6-ಶೋಗಾಲ್ ಸುಮಾರು 8 ಮೈಕ್ರೋಮೋಲಾರ್ ಬೇಕಾಯಿತು, 6-ಜಿಂಜರಾಲ್ ಸುಮಾರು 150. ಅಂದರೆ ಶೋಗಾಲ್‌ಗೆ ಬೇಕಾದ ಆ 8, ರಕ್ತದಲ್ಲಿ ಕಂಡ ಸ್ವತಂತ್ರ 6-ಶೋಗಾಲ್‌ಗಿಂತ 160 ಪಟ್ಟು ಹೆಚ್ಚು. ಜೊತೆಗೆ ತಟ್ಟೆಯಲ್ಲಿ ಆ ಮಟ್ಟ ಸಾಮಾನ್ಯವಾಗಿ 24 ಗಂಟೆ ಅಥವಾ ಹೆಚ್ಚು ಕಾಲದ ಪ್ರಯೋಗಕ್ಕೆ ಹಾಕಿದ್ದು. ದೇಹದಲ್ಲಿ ಗರಿಷ್ಠ ಮಟ್ಟ ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ಹೆಚ್ಚು ತಿಂದು ಈ ಅಂತರ ಮುಚ್ಚಲು ಆಗದು. ಅಷ್ಟು ಪಟ್ಟು ಶುಂಠಿಯನ್ನು ಹೊಟ್ಟೆ ತಡೆಯುವುದಿಲ್ಲ.

6-ಶೋಗಾಲ್ ಬೇರೆ ದಾರಿ ಹಿಡಿಯುತ್ತದೆ ಎಂದಿರಿ. ಆ ದಾರಿ ಯಾವುದು?

ಅದು ಮರ್ಕ್ಯಾಪ್ಚುರಿಕ್ ಆಮ್ಲದ ದಾರಿ. ಶೋಗಾಲ್‌ನ ದ್ವಿಬಂಧಕ್ಕೆ ಕೋಶದೊಳಗಿನ ಗ್ಲುಟಥಯಾನ್ ತನ್ನ ಗಂಧಕದ ತುದಿಯಿಂದ ಅಂಟಿಕೊಳ್ಳುತ್ತದೆ. ಗ್ಲುಟಥಯಾನ್ ಮೂರು ಅಮೈನೋ ಆಮ್ಲಗಳಿಂದಾದ ಅಣು. ಮೊದಲು ಅದರ ಗ್ಲುಟಮೇಟ್ ಕತ್ತರಿಸಿಹೋಗುತ್ತದೆ, ಆಮೇಲೆ ಗ್ಲೈಸೀನ್. ಉಳಿಯುವುದು ಸಿಸ್ಟೈನ್ ಅಂಟಿದ ಶೋಗಾಲ್. ಅದಕ್ಕೆ ಅಸಿಟೈಲ್ ಗುಂಪು ಸೇರಿ ಮರ್ಕ್ಯಾಪ್ಚುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಇಲಿಗಳ ಮೂತ್ರದಲ್ಲಷ್ಟೇ ಅಲ್ಲ, ಮನುಷ್ಯರ ಮೂತ್ರದಲ್ಲೂ ಈ ಗಂಧಕ ಕಾಂಜುಗೇಟ್‌ಗಳು ಸಿಕ್ಕಿವೆ.

ಇದರ ಜೊತೆಗೆ ಇನ್ನೊಂದು ಕವಲಿದೆ. ದ್ವಿಬಂಧ ಮಾತ್ರ ಅಪಕರ್ಷಣೆಗೊಂಡರೆ 6-ಪ್ಯಾರಡಾಲ್. ಕೀಟೋನ್ ಕೂಡ ಹೋದರೆ ಬರಿಯ ಆಲ್ಕೊಹಾಲ್. ಈ ಕವಲಿನಲ್ಲಿ ಸಾಗಿದ ಅಣುಗಳಿಗೆ ದ್ವಿಬಂಧದ ಚುರುಕು ಇರುವುದಿಲ್ಲ.

ಹಾಗಾದರೆ ಗ್ಲುಟಥಯಾನ್ ಅಂಟಿದ ಮೇಲೆ ಶೋಗಾಲ್ ನಿರುಪಯೋಗಿಯೇ?

ಪೂರ್ತಿ ಹಾಗಲ್ಲ. ಗಂಧಕದ ಈ ಬಂಧ ಬಿಚ್ಚಿಕೊಳ್ಳಬಲ್ಲದು. ಸಿಸ್ಟೈನ್ ಅಂಟಿದ 6-ಶೋಗಾಲ್ ಅನ್ನು, ಸಂಶೋಧಕರು ಇದನ್ನು ಎಂ2 ಎಂದು ಕರೆಯುತ್ತಾರೆ, ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದಾಗ ಅದು ಮೂಲ ಅಣುವಿಗೆ ಹತ್ತಿರದ ಪರಿಣಾಮ ತೋರಿಸಿತು. ಸಾಮಾನ್ಯ ಕೋಶಗಳಿಗೆ ಮೂಲ ಶೋಗಾಲ್‌ಗಿಂತ ಕಡಿಮೆ ಹಾನಿ ಮಾಡಿತು. ಕಾಂಜುಗೇಟ್ ಒಡೆದು ಶೋಗಾಲ್ ಮತ್ತೆ ಹೊರಬರುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಹೀಗಾಗಿ ಎಂ2 ಶೋಗಾಲ್‌ನ ಸಾಗಣೆ ರೂಪವಾಗಿ ಕೆಲಸ ಮಾಡುತ್ತಿರಬಹುದು. ನಮ್ಮ ಅಭಿಪ್ರಾಯದಲ್ಲಿ ಇಡೀ ಕ್ಷೇತ್ರದಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವ ಸಂಗತಿ ಇದೇ. ಇದು ಕೋಶಗಳ ಮಟ್ಟದ ಫಲಿತಾಂಶ, ರೋಗಿಗಳದ್ದಲ್ಲ ಎಂಬುದನ್ನು ಮರೆಯುವಂತಿಲ್ಲ.

6-ಜಿಂಜರಾಲ್ ಏನಾಗುತ್ತದೆ?

ಎರಡು ಕೆಲಸ ನಡೆಯುತ್ತವೆ. ದೊಡ್ಡ ಪಾಲಿಗೆ ಗ್ಲುಕುರೊನಿಕ್ ಆಮ್ಲ ಅಂಟುತ್ತದೆ. ಇನ್ನೊಂದು ಪಾಲಿನ ಕೀಟೋನ್ ಅಪಕರ್ಷಣೆಗೊಂಡು 6-ಜಿಂಜರ್‌ಡಯಾಲ್‌ಗಳಾಗುತ್ತವೆ. ಅವಕ್ಕೂ ಆಮೇಲೆ ಗ್ಲುಕುರೊನಿಕ್ ಆಮ್ಲ ಅಂಟಬಹುದು. ಬಾಲದ ಸರಪಳಿ ಉತ್ಕರ್ಷಣೆಗೊಂಡು ಚಿಕ್ಕದಾಗುವುದೂ ಉಂಟು.

2002ರ ಒಂದು ಅಧ್ಯಯನದಲ್ಲಿ ಇಲಿಗಳಿಗೆ 6-ಜಿಂಜರಾಲ್ ಬಾಯಿಯ ಮೂಲಕ ಕೊಟ್ಟಾಗ, ಕೊಟ್ಟದ್ದರಲ್ಲಿ 48 ಶೇಕಡಾ ಗ್ಲುಕುರೊನೈಡ್ (ಗ್ಲುಕುರೊನಿಕ್ ಆಮ್ಲ ಅಂಟಿದ) ರೂಪದಲ್ಲಿ ಪಿತ್ತರಸಕ್ಕೆ ಬಂತು. ಮೂತ್ರದಲ್ಲಿ 60 ಗಂಟೆಯೊಳಗೆ ಇತರ ಸಣ್ಣ ಮೆಟಬಾಲೈಟ್‌ಗಳ (ದೇಹದೊಳಗೆ ಬದಲಾದ ಅಣುಗಳ) ರೂಪದಲ್ಲಿ 16 ಶೇಕಡಾ. ಮುಖ್ಯ ಹೊರದಾರಿ ಪಿತ್ತರಸ ಎಂಬುದು ಗಮನಿಸಬೇಕಾದದ್ದು, ಏಕೆಂದರೆ ಪಿತ್ತರಸ ಮತ್ತೆ ಕರುಳಿಗೇ ಸುರಿಯುತ್ತದೆ.

ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರ ಏನು?

ಅವುಗಳಲ್ಲಿ ಬೀಟಾ-ಗ್ಲುಕುರೊನಿಡೇಸ್ ಎಂಬ ಕಿಣ್ವ ಇದೆ. ಯಕೃತ್ತು ಅಂಟಿಸಿ ಕಳಿಸಿದ ಗ್ಲುಕುರೊನಿಕ್ ಆಮ್ಲವನ್ನು ಅದು ಕಿತ್ತು ಹಾಕುತ್ತದೆ. ಮೂಲ ಅಣು ಸ್ವತಂತ್ರವಾಗುತ್ತದೆ. ಅದರಲ್ಲಿ ಸ್ವಲ್ಪ ಮತ್ತೆ ಹೀರಿಕೊಂಡು ಯಕೃತ್ತಿಗೆ ಹೋಗಬಹುದು, ಸ್ವಲ್ಪ ಅಲ್ಲೇ ಇನ್ನಷ್ಟು ಒಡೆಯಬಹುದು. ಮೇಲೆ ಹೇಳಿದ ಇಲಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಔಷಧಿಯಿಂದ ನಾಶಪಡಿಸಿದಾಗ ಮೂತ್ರದ ಮೆಟಬಾಲೈಟ್‌ಗಳು ಕಡಿಮೆಯಾದವು. ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಲ್ಲಿ ಶುಂಠಿಯ ಮೆಟಬಾಲೈಟ್‌ಗಳ ಪಟ್ಟಿಯೇ ಬೇರೆಯಾಗಿರಬಹುದು ಎಂದು ಊಹಿಸಲು ಇದು ಸಾಕು. ಉರಿಯೂತ ಇರುವ ಅಂಗಾಂಶದಲ್ಲೂ, ಕೆಲವು ಗಡ್ಡೆಗಳಲ್ಲೂ ಇದೇ ಬಗೆಯ ಕಿಣ್ವ ಹೆಚ್ಚಿರುತ್ತದೆ. ಅಲ್ಲಿ ಕಾಂಜುಗೇಟ್ ಒಡೆದು ಔಷಧಿಯಂತೆ ಬಿಡುಗಡೆಯಾಗಬಹುದೆಂಬ ಆಸೆ ಇರುವುದು ಇದೇ ಕಾರಣಕ್ಕೆ.

ಹಾಗಾದರೆ ದೊಡ್ಡ ಕರುಳಿನ ಕ್ಯಾನ್ಸರ್ ತಡೆಗೆ ಇದು ಹೆಚ್ಚು ಸೂಕ್ತವೇ?

ತರ್ಕಕ್ಕೆ ಸರಿ ಎನಿಸುತ್ತದೆ. ಹೀರಿಕೊಳ್ಳದೆ ಉಳಿದದ್ದು, ಪಿತ್ತರಸದಿಂದ ವಾಪಸು ಬಂದದ್ದು ಎರಡೂ ಕರುಳಿನ ಒಳಪದರವನ್ನು ಸವರಿಕೊಂಡೇ ಹೋಗುತ್ತವೆ. ಆದರೆ 2011ರ ಅಧ್ಯಯನದಲ್ಲಿ ಕರುಳಿನ ಅಂಗಾಂಶವನ್ನೇ ಪರೀಕ್ಷಿಸಿದಾಗ ಕಂಡ ಕಾಂಜುಗೇಟ್‌ಗಳ ಮಟ್ಟ ತೀರಾ ಕಡಿಮೆ ಇತ್ತು.

ಪರಿಣಾಮದ ಮೇಲಿನ ಪ್ರಯೋಗಗಳೂ ಮಿಶ್ರವೇ. ಕರುಳಿನ ಕ್ಯಾನ್ಸರ್ ಅಪಾಯ ಸಾಮಾನ್ಯ ಮಟ್ಟದಲ್ಲಿದ್ದ 30 ಜನರಿಗೆ ದಿನಕ್ಕೆ 2 ಗ್ರಾಂ ಸಾರ ಅಥವಾ ಹುಸಿ ಮಾತ್ರೆಯನ್ನು 28 ದಿನ ಕೊಟ್ಟು ಕರುಳಿನ ಒಳಪದರದ ಪಿಜಿಇ2 ಎಂಬ ಉರಿಯೂತದ ಅಂಶವನ್ನು ಅಳೆದರು. ಪ್ರೋಟೀನ್‌ಗೆ ಹೋಲಿಸಿ ಲೆಕ್ಕ ಹಾಕಿದಾಗ ಗಣನೀಯ ಬದಲಾವಣೆ ಕಾಣಲಿಲ್ಲ. ಪಿಜಿಇ2ಗೆ ಮೂಲವಸ್ತುವಾದ ಸ್ವತಂತ್ರ ಅರಾಕಿಡಾನಿಕ್ ಆಮ್ಲಕ್ಕೆ ಹೋಲಿಸಿದಾಗ ಇಳಿಕೆ ಕಂಡಿತು. ಯಾವುದನ್ನು ಛೇದದಲ್ಲಿ ಇಟ್ಟರು ಎಂಬುದರ ಮೇಲೆ ಉತ್ತರ ಬದಲಾಗುವ ಫಲಿತಾಂಶವನ್ನು ಗಟ್ಟಿ ಎನ್ನಲಾಗದು. ಅದೇ ಪ್ರಮಾಣವನ್ನು ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿದ್ದ 20 ಜನರಿಗೆ ಕೊಟ್ಟ 2013ರ ಪ್ರಯೋಗದಲ್ಲಿ ಪಿಜಿಇ2 ತಯಾರಿಕೆಯಲ್ಲಿ ಪಾಲುಳ್ಳ ಕಾಕ್ಸ್-1 ಪ್ರೋಟೀನ್ ಇಳಿಯಿತು. ಗಡ್ಡೆ ಕಡಿಮೆಯಾಯಿತೇ ಎಂಬುದನ್ನು ಈ ಎರಡೂ ಪ್ರಯೋಗಗಳು ನೋಡಿಲ್ಲ.

ಶೋಗಾಲ್ ಕ್ಯಾನ್ಸರ್ ಕೋಶಕ್ಕೆ ಮಾಡುವುದೇನು?

ಕೋಶದ ಪ್ರೋಟೀನ್‌ಗಳ ಗಂಧಕದ ತುದಿಗಳಿಗೆ ಅಂಟಿಕೊಳ್ಳುತ್ತದೆ. ಕೀಪ್1 ಪ್ರೋಟೀನ್‌ಗೆ ಅಂಟಿದರೆ ಅದು ಹಿಡಿದಿಟ್ಟಿದ್ದ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಬಿಡುಗಡೆಯಾಗಿ ಕೋಶದ ರಕ್ಷಣಾ ಕಿಣ್ವಗಳು ಹೆಚ್ಚುತ್ತವೆ. ಹೆಚ್ಚು ಪ್ರಮಾಣದಲ್ಲಿ ಗ್ಲುಟಥಯಾನ್ ಖಾಲಿಯಾಗಿ ಕೋಶ ಒತ್ತಡಕ್ಕೆ ಸಿಕ್ಕಿ ಸಾಯುತ್ತದೆ. ಕಡಿಮೆ ಪ್ರಮಾಣದಲ್ಲಿ ರಕ್ಷಣೆ, ಹೆಚ್ಚಿನದರಲ್ಲಿ ಕೊಲೆ: ಒಂದೇ ರಾಸಾಯನಿಕ ಗುಣದ ಎರಡು ಮುಖ. ಎನ್‌ಆರ್‌ಎಫ್2 ಹೆಚ್ಚುವುದು ಆರೋಗ್ಯವಂತ ಕೋಶಕ್ಕೆ ಒಳ್ಳೆಯದು. ಆದರೆ ಈಗಾಗಲೇ ಬೆಳೆದ ಗಡ್ಡೆಯ ಕೋಶಕ್ಕೂ ಅದೇ ರಕ್ಷಣೆ ಸಿಗಬಹುದು. ತಡೆಗಟ್ಟುವ ಮಾತನ್ನೂ ಚಿಕಿತ್ಸೆಯ ಮಾತನ್ನೂ ಒಂದೇ ಚೀಲಕ್ಕೆ ತುಂಬಬಾರದು ಎನ್ನುವುದು ಇದಕ್ಕೇ.

ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಹೀರಿಕೆ ಹೆಚ್ಚುತ್ತದೆಯೇ?

ಪೈಪರಿನ್ ಯುಜಿಟಿ ಕಿಣ್ವಗಳನ್ನು ತಡೆಯುತ್ತದೆ. ಅರಿಶಿನದ ಕರ್ಕ್ಯುಮಿನ್ ವಿಷಯದಲ್ಲಿ ಇದು ಹೆಸರುವಾಸಿ. ಅದೇ ತಂತ್ರ ಇಲ್ಲೂ ಕೆಲಸ ಮಾಡಬಹುದು. ಆದರೆ ಪೈಪರಿನ್ ಔಷಧಿಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವವನ್ನೂ ಪಿ-ಗ್ಲೈಕೊಪ್ರೋಟೀನ್ ಎಂಬ ಸಾಗಣೆ ಪ್ರೋಟೀನನ್ನೂ ತಡೆಯುತ್ತದೆ. ಹಲವು ಕೀಮೋ ಔಷಧಿಗಳು ದೇಹದಿಂದ ಹೊರಹೋಗುವುದು ಇವುಗಳ ಮೂಲಕವೇ. ಅವು ತಡೆಗೊಂಡರೆ ಔಷಧಿಯ ಮಟ್ಟ ಏರಿ ಅಡ್ಡಪರಿಣಾಮ ಜೋರಾಗಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಪೈಪರಿನ್ ಸೇರಿದ ಕ್ಯಾಪ್ಸೂಲನ್ನು ವೈದ್ಯರಿಗೆ ಹೇಳದೆ ಮುಟ್ಟಬಾರದು.

ಸಂಶೋಧನಾ ವರದಿ ಓದುವಾಗ ಎಲ್ಲಿ ಎಡವುತ್ತೇವೆ?

ಮೊದಲು ನೋಡಬೇಕಾದ್ದು ರಕ್ತದ ಮಾದರಿಗೆ ಬೀಟಾ-ಗ್ಲುಕುರೊನಿಡೇಸ್ ಮತ್ತು ಸಲ್ಫಟೇಸ್ ಹಾಕಿ ಅಳೆದರೇ ಎಂಬುದು. ಹಾಕಿದ್ದರೆ ಬಂದ ಅಂಕಿ ಸ್ವತಂತ್ರ ರೂಪ ಮತ್ತು ಕಾಂಜುಗೇಟ್ ಸೇರಿದ ಒಟ್ಟು ಮೊತ್ತ. ಆ ಮೊತ್ತವನ್ನೇ ಕೋಶ ಪ್ರಯೋಗದ ಅಂಕಿಯ ಪಕ್ಕ ಇಟ್ಟು ಅಂತರ ತೀರಿತು ಎನ್ನುವವರಿದ್ದಾರೆ.

ಅಳೆಯುವ ವಿಧಾನವೇ ಅಣುವನ್ನು ಬದಲಿಸುವುದೂ ಉಂಟು. ಮಿಶ್ರಣವನ್ನು ಆವಿ ಮಾಡಿ ಅಂಶಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಬಿಸಿ ಇಂಜೆಕ್ಟರಿನಲ್ಲಿ ಜಿಂಜರಾಲ್ ಒಡೆದು ಶೋಗಾಲ್ ಮತ್ತು ಆಲ್ಡಿಹೈಡ್‌ಗಳಾಗುತ್ತದೆ. ಇಲ್ಲದ ಶೋಗಾಲ್ ಆಗ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ದ್ರವ ಕ್ರೊಮ್ಯಾಟೊಗ್ರಫಿಯ ಫಲಿತಾಂಶಗಳಿಗೆ ಹೆಚ್ಚು ಬೆಲೆ ಕೊಡುವುದು ಇದರಿಂದ. ಸಾರ ತೆಗೆಯುವಾಗ ಹೆಚ್ಚು ಕಾಯಿಸಿದ್ದರೂ ಇದೇ ತೊಂದರೆ.

ಇನ್ನು ಸಣ್ಣ ಇಲಿಗೆ ಕಿಲೋಗೆ 200 ಮಿಲಿಗ್ರಾಂ ಶೋಗಾಲ್ ಕೊಟ್ಟರೆ ಎಂಬಂಥ ವಾಕ್ಯ ಕಂಡರೆ ಅದನ್ನು ಮನುಷ್ಯನ ತೂಕದಿಂದ ನೇರ ಗುಣಿಸಬೇಡಿ. ದೇಹದ ಮೇಲ್ಮೈ ಲೆಕ್ಕದಲ್ಲಿ ಸಣ್ಣ ಇಲಿಯ ಪ್ರಮಾಣವನ್ನು ಸುಮಾರು 12ರಿಂದ ಭಾಗಿಸುತ್ತಾರೆ, ದೊಡ್ಡ ಇಲಿಯದ್ದನ್ನು 6ರಿಂದ. 12ರಿಂದ ಭಾಗಿಸಿದ ಮೇಲೂ 60 ಕಿಲೋ ತೂಕದವರಿಗೆ ಸುಮಾರು 1 ಗ್ರಾಂ ಶುದ್ಧ ಶೋಗಾಲ್ ಆಗುತ್ತದೆ. ಮೇಲೆ ಹೇಳಿದ ಕ್ಯಾಪ್ಸೂಲಿನ ಲೆಕ್ಕದಲ್ಲಿ ಅದು ಸಾವಿರಕ್ಕೂ ಹೆಚ್ಚು ಕ್ಯಾಪ್ಸೂಲು.

ದಿನಕ್ಕೆ ಒಮ್ಮೆ ತೆಗೆದುಕೊಳ್ಳುವುದೋ, ಹಂಚಿ ತೆಗೆದುಕೊಳ್ಳುವುದೋ?

2011ರ ಅಧ್ಯಯನದ ಪ್ರಕಾರ ಅರ್ಧಾಯುಷ್ಯ 1ರಿಂದ 3 ಗಂಟೆ. ಒಮ್ಮೆ ತೆಗೆದುಕೊಂಡದ್ದು ಸಂಜೆಯ ಹೊತ್ತಿಗೆ ಬಹುಮಟ್ಟಿಗೆ ಖಾಲಿ. ಹಂಚಿಕೊಂಡರೆ ಮಟ್ಟ ತುಸು ಸಮನಾಗಿರುತ್ತದೆ, ಎದೆಯುರಿಯೂ ಕಡಿಮೆ. ಕ್ಯಾನ್ಸರ್ ತಡೆಗೆ ಇಂಥ ಪ್ರಮಾಣವೇ ಸರಿ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಕೀಮೋ ಪಡೆಯುವವರು ಶುಂಠಿ ತೆಗೆದುಕೊಳ್ಳಬಹುದೇ?

ಅಡುಗೆಯಲ್ಲಿ ಬಳಸುವಷ್ಟಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ವಾಕರಿಕೆಗೆ ಶುಂಠಿಯ ಮೇಲೆ ದೊಡ್ಡ ಪ್ರಯೋಗವೇ ಆಗಿದೆ. 2012ರಲ್ಲಿ ಪ್ರಕಟವಾದ, 576 ರೋಗಿಗಳ ಫಲಿತಾಂಶ ವಿಶ್ಲೇಷಿಸಿದ ಅಧ್ಯಯನದಲ್ಲಿ, ವಾಂತಿ ತಡೆಯುವ ಸಾಮಾನ್ಯ ಔಷಧಿಗಳ ಜೊತೆಗೆ ಕೀಮೋಗೆ ಮೂರು ದಿನ ಮೊದಲಿನಿಂದ ಆರು ದಿನ ಶುಂಠಿ ಕೊಟ್ಟರು. ದಿನಕ್ಕೆ 0.5 ಮತ್ತು 1 ಗ್ರಾಂ ಪಡೆದವರಲ್ಲಿ ಮೊದಲ ದಿನದ ವಾಕರಿಕೆ ಹೆಚ್ಚು ತಗ್ಗಿತು. 1.5 ಗ್ರಾಂ ಅಷ್ಟು ಫಲ ಕೊಡಲಿಲ್ಲ. ಇದು ಕ್ಯಾನ್ಸರ್ ಮೇಲಿನ ಪರಿಣಾಮವಲ್ಲ, ಚಿಕಿತ್ಸೆಯ ತೊಂದರೆಯ ಮೇಲಿನದು.

ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುವವರು, ಕೀಮೋದಿಂದ ಪ್ಲೇಟ್‌ಲೆಟ್ ಕುಸಿದಿರುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಕ್ಯಾಪ್ಸೂಲ್ ಪ್ರಮಾಣಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಇಂಥ ಪೂರಕಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಕ್ಯಾಪ್ಸೂಲ್ ಡಬ್ಬಿಯ ಮೇಲೆ ಏನು ಓದಬೇಕು?

ಶುಂಠಿ 500 ಮಿಲಿಗ್ರಾಂ ಎಂಬ ದೊಡ್ಡಕ್ಷರದ ಸಾಲು ಹೆಚ್ಚೇನೂ ಹೇಳುವುದಿಲ್ಲ. ಅದು ಬರಿಯ ಪುಡಿಯೋ, ಸಾರವೋ ನೋಡಿ. ಸಾರವಾದರೆ ಒಟ್ಟು ಜಿಂಜರಾಲ್ ಶೇಕಡಾ ಎಷ್ಟು, ಶೋಗಾಲ್ ಬೇರೆಯಾಗಿ ನಮೂದಿಸಿದ್ದಾರೆಯೇ ಎಂದು ಹುಡುಕಿ. 5 ಶೇಕಡಾ ಜಿಂಜರಾಲ್ ಇರುವ 500 ಮಿಲಿಗ್ರಾಂ ಸಾರದಲ್ಲಿ 25 ಮಿಲಿಗ್ರಾಂ ಜಿಂಜರಾಲ್ ಇರುತ್ತದೆ. ಶೇಕಡಾವಾರು ಇಲ್ಲದಿದ್ದರೆ ಯಾವ ಅಧ್ಯಯನದ ಪ್ರಮಾಣಕ್ಕೂ ಅದನ್ನು ಹೋಲಿಸಲಾಗದು. ತಯಾರಾದ ದಿನಾಂಕವನ್ನೂ ನೋಡಿ, ಬಿಸಿ ಜಾಗದಲ್ಲಿ ಇಡಬೇಡಿ. ಡಬ್ಬಿಯೊಳಗೂ ಜಿಂಜರಾಲ್ ಮೆಲ್ಲಗೆ ಶೋಗಾಲ್ ಆಗುತ್ತಲೇ ಇರುತ್ತದೆ.